ಕಾದ ಇಂಜಿನ್ನಿನ ಮೇಲೆ ಒಂದು ಚೊಂಬು ನೀರು

ಟಿವಿ ರಿಮೋಟಿನ ಸೆಲ್ ಮುಗಿದಿತ್ತು. ಹೊಸದನ್ನು ಎಲ್ಲೋ ಇಟ್ಟಿದ್ದೇನೆಂಬ ಭರವಸೆಯಲ್ಲಿ ಷೋಕೇಸಿನ ಕೆಳಗಿನ ಡ್ರಾಯರ್ ಎಳೆದರೆ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ, ಕರೆಂಟು ಅಳೆಯುವ ಹಳದಿ ಮೀಟರ್ ಕೈಗೆ ಬಂತು. ಬಟ್ಟೆ ಬಿಚ್ಚಿದೆ. ಪೆಟ್ರೋಲೋ ಗ್ರೀಸೋ, ಎರಡೂ ಬೆರೆತ ಹಳೇ ವಾಸನೆ... ರಿಮೋಟನ್ನು ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅದು ಪಕ್ಕದ ಮನೆ ಅಂಕಲ್ ಅವರದು. ತ್ಯಾಗರಾಜನಗರದ ನಮ್ಮ ರಸ್ತೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಕರಿಬೇವು, ಹುಳಿಯ ಪಾತ್ರೆ, ಪೇಪರು, ರಸ್ತೆಯವರ ಸುದ್ದಿ, ಎಲ್ಲವೂ ಅದರ ಮೇಲೆಯೇ ಆಚೀಚೆ ಹೋಗುತ್ತಿದ್ದವು. ಅಂಕಲ್ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಕೆಲಸದಿಂದ ನಿವೃತ್ತರಾಗಿದ್ದರು. ತಪಾಸಣೆಯ ಚಾಳಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಅಳೆಯದೆ ಒಂದು ಮಾತೂ ಅವರ ಬಾಯಿಂದ ಬೀಳುತ್ತಿರಲಿಲ್ಲ. "ರಾತ್ರಿ ಜೋರು ಮಳೆ ಅಲ್ವಾ ಅಂಕಲ್?" ಎಂದು ನಾನು ಕೇಳಿದರೆ, "ಬಕೆಟ್ ಇಟ್ಟಿರ್ಲಿಲ್ಲ, ಗೊತ್ತಿಲ್ಲಮ್ಮ" ಎನ್ನುವ ಆಸಾಮಿ.

ಅವರ ಕಾರು ಬಹಳ ಹಳೆಯದು. ಅಂಥದ್ದನ್ನು ಕಂಪನಿಯವರು ಮಾಡುವುದನ್ನೇ ಬಿಟ್ಟಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ, ಕಾಫಿಯಾದ ಮೇಲೆ, ಇಂಜಿನ್ ಇನ್ನೂ ತಣ್ಣಗಿರುವಾಗ ಬಾನೆಟ್ ಎತ್ತಿ ಅದರ ಇಂಜೆಕ್ಟರುಗಳನ್ನು ಪರೀಕ್ಷಿಸುತ್ತಿದ್ದರು. ಇಂಜಿನ್ನಿಗೆ ಪೆಟ್ರೋಲು ಚಿಮುಕಿಸುವ ನಾಲ್ಕು ಪುಟ್ಟ ಪಿಚಕಾರಿಗಳು ಅವು. ಒಂದೊಂದರ ಒಳಗೂ ಕೂದಲೆಳೆಯಂಥ ತಂತಿಯ ಸುರುಳಿ. ಅದು ನೆಟ್ಟಗಿದೆಯೇ ಎಂದು ತಿಳಿಯಲು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯನ್ನು, ಅಳೆಯಬೇಕು. ಟಾರ್ಚ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲು ಮೀಟರಿನ ಕೆಂಪು ಕಡ್ಡಿಯನ್ನೂ ಕಪ್ಪು ಕಡ್ಡಿಯನ್ನೂ ಒಂದಕ್ಕೊಂದು ಮುಟ್ಟಿಸುತ್ತಿದ್ದರು. ಸೊನ್ನೆ ಬಂದರೆ ಮೀಟರ್ ಸರಿಯಿದೆ ಎಂದರ್ಥ. ಆಮೇಲೆ ಒಂದೊಂದೇ ಇಂಜೆಕ್ಟರಿನ ಸಾಕೆಟ್ ಕಳಚಿ, ಒಳಗಿನ ಎರಡು ಪಿನ್ನುಗಳಿಗೆ ಕಡ್ಡಿ ತಾಗಿಸಿ, ಪರದೆಯ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಲ್ಕೂ ಹದಿನಾಲ್ಕರ ಆಸುಪಾಸಿನಲ್ಲಿದ್ದರೆ ಅವರ ಮುಖದಲ್ಲಿ ಮಗಳ ಮದುವೆ ಮುಗಿಸಿದಷ್ಟು ನೆಮ್ಮದಿ.

"ದೇವರಿಗೂ ಇಷ್ಟು ಸೇವೆ ಮಾಡಲ್ಲ ನೀವು" ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಲೂ ಇರಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಆಂಟಿಯ ಕಿಡ್ನಿ ಕೈಕೊಟ್ಟು, ಜಯನಗರದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಮುಗಿಸಿಕೊಂಡು ಬರುವಾಗ ಆಕೆಗೆ ಕೂರಲೂ ತ್ರಾಣವಿರುತ್ತಿರಲಿಲ್ಲ. ಆಟೋದಲ್ಲಿ ರಸ್ತೆಯ ಒಂದೊಂದು ಉಬ್ಬಿಗೂ ಜೀವ ಬಾಯಿಗೆ ಬರುತ್ತಿತ್ತು. ದಾರಿಯಲ್ಲಿ ವಾಂತಿಯಾದರೆ ಕ್ಯಾಬ್ ಡ್ರೈವರುಗಳು ಮುಖ ಸಿಂಡರಿಸುತ್ತಿದ್ದರು. ಈ ಹಳೇ ಕಾರಿನ ಮುಂದಿನ ಸೀಟು ಮಾತ್ರ ಪೂರ್ತಿ ಹಿಂದಕ್ಕೆ ಬಾಗುತ್ತಿತ್ತು. ಆಂಟಿ ಅದರಲ್ಲಿ ಮಲಗಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಹೋಗುತ್ತಿದ್ದರು. ಮನೆ ಬಂದರೂ ಅಂಕಲ್ ಎಬ್ಬಿಸದೆ, ಗೇಟಿನ ಮುಂದೆ ಇಂಜಿನ್ ಆರಿಸಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದದ್ದನ್ನು ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ...

ಆ ವರ್ಷ ಆಯುಧಪೂಜೆಯ ದಿನ ಆಂಟಿಗೆ ಹೇಗೋ ಮೈ ಹಗುರವಾಗಿತ್ತು. ಬಹಳ ದಿನದ ಮೇಲೆ ಮಲ್ಲಿಗೆ ಮುಡಿದಿದ್ದರು. ಅಂಕಲ್ ಬನಶಂಕರಿಯಿಂದ ಬೂದುಗುಂಬಳ, ಬಾಳೆಕಂದು, ಹೂವು ತಂದು ಕಾರು ನಿಲ್ಲಿಸಿ ಸ್ನಾನಕ್ಕೆ ಹೋದರು. ಇಂಜಿನ್ ತಣಿಯಲೆಂದು ಬಾನೆಟ್ ತೆಗೆದೇ ಇತ್ತು. ಪೂಜೆ ಬರೀ ಹೊರಗೆ ಯಾಕೆ, ಓಡುವುದು ಒಳಗಿನದಲ್ಲವೇ ಎಂದು ಆಂಟಿ ಚೊಂಬಿನ ತಣ್ಣೀರನ್ನು ಕಾದ ಇಂಜಿನ್ನಿನ ಮೇಲೆ ಸುರಿದು ತೊಳೆದರು. ಭುಸ್ ಎಂದು ಹಬೆ ಎದ್ದಿತು. ಆಕೆ ಹೆದರದೆ ಅರಿಶಿನ ಕುಂಕುಮ ಹಚ್ಚಿ, ಒಂದು ಚೆಂಡುಹೂವನ್ನೂ ಸಿಕ್ಕಿಸಿದರು. ಗೋಡೆಯ ಈಚೆಯಿಂದ ನಾನು ಚೆನ್ನಾಗಿದೆ ಆಂಟಿ ಎಂದೆ. ನನಗೂ ಏನು ಗೊತ್ತಿತ್ತು?

ಮಂಗಳಾರತಿಯಾಯಿತು. ಚಕ್ರದಡಿ ನಿಂಬೆಹಣ್ಣಿಟ್ಟು ಅಂಕಲ್ ಕಾರು ಹೊರಡಿಸಿದರೆ, ಅದು ಚಳಿಜ್ವರ ಬಂದಂತೆ ನಡುಗಿ, ನಿಂಬೆಹಣ್ಣನ್ನು ಮುಟ್ಟಿ ನಿಂತೇಹೋಯಿತು. ಹಣ್ಣು ಒಡೆಯಲಿಲ್ಲ. ಆಂಟಿ ಆರತಿ ತಟ್ಟೆಯನ್ನು ನೆಲದ ಮೇಲಿಟ್ಟುಬಿಟ್ಟರು.

"ನನ್ನ ಕೈಯಾರೆ ಹಾಳ್ಮಾಡ್ಬಿಟ್ನಲ್ಲ. ಹಬ್ಬದ ದಿನ ಗಾಡಿ ನಿಂತ್ಹೋಯ್ತು ಅಂದ್ರೆ ಇನ್ನೇನು ಉಳೀತು? ನನ್ನ ದಿನ ಮುಗೀತು. ನಾಳೆ ನಾನು ಆಸ್ಪತ್ರೆಗೆ ಬರಲ್ಲ ಕಣ್ರಿ, ಸಾಕು" ಎಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಡಯಾಲಿಸಿಸ್ಸಿನ ಒಂದು ಸರದಿ ತಪ್ಪಿದರೂ ಅಪಾಯವೆಂದು ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತಿತ್ತು.

ಅಂಕಲ್ ಒಳಗಿನಿಂದ ಮೀಟರ್ ತಂದರು. ನಾನು ಗೋಡೆ ಬಳಸಿ ಓಡಿಹೋಗಿ ಟಾರ್ಚ್ ಹಿಡಿದೆ. ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರು, ಸೊನ್ನೆ. ಮೂರು ಇಂಜೆಕ್ಟರುಗಳ ಅಂಕಿ ಸರಿಯಾಗಿತ್ತು. ನಾಲ್ಕನೆಯದರ ಪ್ಲಾಸ್ಟಿಕ್ಕಿನ ಮೇಲೆ ಹೊಸ ಬಿರುಕು, ಸಾಕೆಟ್ಟಿನಲ್ಲಿ ಕುಂಕುಮದ ನೀರು. ಒರೆಸಿ, ಊದಿ, ಒಣಗಿಸಿ ಮತ್ತೆ ಮತ್ತೆ ಕಡ್ಡಿ ತಾಗಿಸಿದರು. ಅಂಕಿ ಬರಲೇ ಇಲ್ಲ. ಒಳಗೆ ತಂತಿ ಕಡಿದಿತ್ತು. ಹಿಂದಿನ ಭಾನುವಾರವಷ್ಟೇ ಅದೇ ಇಂಜೆಕ್ಟರು ಹದಿನಾಲ್ಕು ತೋರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಅಂಕಲ್ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆಂಟಿಯತ್ತ ತಿರುಗಿ, ಎಂದಿನ ತಪಾಸಣೆಯ ದನಿಯಲ್ಲೇ, "ಇದು ಹೋದ ವಾರಾನೇ ಸತ್ತಿತ್ತು ಕಣೇ. ಹಬ್ಬ ಕಳೀಲಿ ಅಂತ ನಾನೇ ಸುಮ್ಮನಿದ್ದೆ. ನಿನ್ನ ನೀರಿಗೂ ಇದಕ್ಕೂ ಸಂಬಂಧ ಇಲ್ಲ. ಬೇಕಾದ್ರೆ ಇವಳನ್ನ ಕೇಳು" ಎಂದರು.

"ಹೌದು ಆಂಟಿ" ಎಂದೆ. ಅಂಕಲ್ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು.

ಮಾರನೆಯ ದಿನ ಆಂಟಿ ಹಟ ಮಾಡದೆ ಆಟೋ ಹತ್ತಿದರು. ಅದರ ಮುಂದಿನ ಸರದಿಯ ಹೊತ್ತಿಗೆ ಅಂಕಲ್ ಜೇಬಿನಲ್ಲಿ ಮೀಟರ್ ಇಟ್ಟುಕೊಂಡು ಗುಜರಿ ಅಂಗಡಿಗಳನ್ನೆಲ್ಲ ಅಲೆದು, ಅಂಥದ್ದೇ ಕಾರಿನಿಂದ ಬಿಚ್ಚಿದ ಇಂಜೆಕ್ಟರೊಂದನ್ನು ಅಲ್ಲಿಯೇ ಅಳೆದು ತಂದಿದ್ದರು. ಕಾರು ಮತ್ತೆ ಓಡಿತು. ಆಂಟಿ ಮತ್ತೆ ಆ ಸೀಟಿನಲ್ಲಿ ಮಲಗಿ ಬಂದರು. ಇನ್ನೊಂದು ಮಾವಿನಕಾಯಿ ಕಾಲ ಕಂಡರು, ಇನ್ನೊಂದು ಗೌರಿಹಬ್ಬಕ್ಕೆ ನನಗೆ ಬಾಗಿನ ಕೊಟ್ಟರು. ಅದರಾಚೆಗೆ ಯಾವ ಮೀಟರಿನ ಕೈಯಲ್ಲೂ ಇರಲಿಲ್ಲ...

ಕೊನೆಕೊನೆಗೆ ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಅಂಕಲ್ ಔಷಧಿ ತರಲು ಹೋಗಿದ್ದರು. ಆಂಟಿ ನನ್ನ ಕೈ ಹಿಡಿದರು.

"ಕೆಟ್ಟಿದೆ ಅಂತ ಗೊತ್ತಿದ್ರೆ ನಿಮ್ಮ ಅಂಕಲ್ ಒಂದು ವಾರ ಸುಮ್ಮನಿರ್ತಾರೇನೇ? ಒಂದು ಗಂಟೆ ಇರಲ್ಲ. ಅವತ್ತೇ ಗೊತ್ತಾಯ್ತು ನಂಗೆ. ನಾನು ಆಸ್ಪತ್ರೆಗೆ ಹೋಗ್ಲಿ ಅಂತ ಹಂಗಂದ್ರು. ಅದಕ್ಕೇ ಹೋದೆ. ನಂಗೊತ್ತಿತ್ತು ಅಂತ ಅವರಿಗೆ ಹೇಳ್ಬೇಡ ಕಣೇ, ಬೇಜಾರ್ ಮಾಡ್ಕೋತಾರೆ."

ನನಗೆ ಅಳು ತಡೆಯಲಾಗಲಿಲ್ಲ. ಆಕೆಯೇ ಸೆರಗಿನಿಂದ ನನ್ನ ಕಣ್ಣೊರೆಸಿದರು.

ಆಂಟಿ ಹೋದ ಮೇಲೂ ಭಾನುವಾರ ಬಾನೆಟ್ ಏಳುತ್ತಿತ್ತು. ಎಲ್ಲಿಗೂ ಹೋಗದ ಕಾರಿಗೆ ಅದೇ ಅಳತೆ, ಅದೇ ಟಾರ್ಚು. ರೇಗಿಸಲು ನನಗೆ ಬಾಯಿ ಬರುತ್ತಿರಲಿಲ್ಲ. ಕೊನೆಗೆ ಕಾರನ್ನು ಗುಜರಿಗೆ ಕೊಟ್ಟ ದಿನ ಅಂಕಲ್ ಗೋಡೆಯ ಮೇಲಿಂದ ಮೀಟರ್ ಚಾಚಿದರು. "ಸೆಲ್ ತೆಗೆದಿದೀನಿ, ಒಳಗಿದ್ರೆ ಸೋರುತ್ತೆ" ಎಂದರು. ಆಮೇಲೆ ಕೇಳಿದರು: "ಅವತ್ತಿನ ಮಾತು... ಅವಳಿಗೆ ಅನುಮಾನ ಬಂದಿತ್ತೇನಮ್ಮ?"

"ಇಲ್ಲ ಅಂಕಲ್" ಎಂದೆ.

ಅವರ ಭುಜ ಸ್ವಲ್ಪ ಇಳಿಯಿತು. ತಲೆಯಾಡಿಸಿ ಒಳಗೆ ಹೋದರು. ಮುಂದಿನ ದಸರೆಗೆ ಅವರೂ ಇರಲಿಲ್ಲ.

ಈಗ ಅಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನವೇ. ಗೋಡೆಯನ್ನು ಎತ್ತರಿಸಿಕೊಂಡಿದ್ದಾರೆ, ಕರಿಬೇವು ಅಂಗಡಿಯಿಂದಲೇ ತರುತ್ತೇನೆ. ಡ್ರಾಯರಿನಲ್ಲಿ ಸಿಕ್ಕ ಸೆಲ್ ರಿಮೋಟಿಗೇನೋ ಆಯಿತು, ಮೀಟರಿಗೆ ಚೌಕದ್ದು ಬೇಕು. ಸಂಜೆ ಮೂಲೆಯಂಗಡಿಗೆ ಹೋಗಿ ಒಂದನ್ನು ತಂದೆ. ಅಳೆಯಲು ನನ್ನ ಬಳಿ ಏನೂ ಇಲ್ಲ. ಆದರೂ ಕೆಂಪು ಕಡ್ಡಿಗೆ ಕಪ್ಪು ಕಡ್ಡಿ ಮುಟ್ಟಿಸಿದೆ. ಸೊನ್ನೆ ಬಂತು. ಮೀಟರ್ ಇನ್ನೂ ಸರಿಯಾಗಿಯೇ ಇತ್ತು.

"ಆಂಟಿಗೆ ಗೊತ್ತಿತ್ತು, ಅಂಕಲ್" ಎಂದೆ, ಗಟ್ಟಿಯಾಗಿಯೇ. ಆಮೇಲೆ ಅವರು ಹೇಳಿದಂತೆ ಸೆಲ್ ತೆಗೆದು, ಬನಿಯನ್ನಿನಲ್ಲಿ ಸುತ್ತಿ, ಡ್ರಾಯರ್ ಮುಚ್ಚಿದೆ.