ಚೀಟಿಗೆ ಮೊದಲು ಕಥೆ ಕೇಳುವ ಡಾ. ಪದ್ಮಾವತಿಯವರು

ಮೈಸೂರಿನ ಮನೋವೈದ್ಯರ ಬಳಗದಲ್ಲಿ ಮದ್ದು ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ ಕಾಯಿಲೆಯ ಕಥೆಯನ್ನು ಮೊದಲಿಂದ ಕಡೆಯವರೆಗೆ ಪಟ್ಟಾಗಿ ಕೂತು ಕೇಳುವವರು ಯಾರೆಂದು ಕೇಳಿದರೆ, ಮೂವತ್ತೆರಡು ವರ್ಷದ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ಡಾ. ಪದ್ಮಾವತಿಯವರ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಈ ಪಾಠವನ್ನು ಅವರು ಕಲಿತದ್ದು ತಮ್ಮದೇ ತಪ್ಪಿನಿಂದ. ಅದನ್ನು ಮುಚ್ಚಿಡದೆ ಬರೆಯಿರೆಂದು ಅವರೇ ಅಪ್ಪಣೆ ಕೊಡಿಸಿದ್ದಾರೆ.

ಹದಿನಾಲ್ಕು ವರ್ಷದ ಹಿಂದೆ ಕೆಸರೆಯ ಗಾರೆ ಮೇಸ್ತ್ರಿ ಸಿದ್ದಪ್ಪಾಜಿಯವರನ್ನು ಬೈಪೋಲಾರ್ ಉನ್ಮಾದದ ಭರದಲ್ಲಿ ಕರೆತಂದರು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ.

"ಇದು ಎರಡ್ನೇ ಸಲ ಮೇಡಮ್. ಹೋದ್ಸಲ ಲಿಥಿಯಂ ಮಾತ್ರೇಲೇ ವಾಸಿ ಆಯ್ತು," ಎಂದರು ಅವರ ಅಣ್ಣ.

ಪದ್ಮಾವತಿಯವರು ನಂಬಿ ಅದನ್ನೇ ಬರೆದರು. ಮೂರು ವಾರವಾದರೂ ಕಾಯಿಲೆ ಜಗ್ಗಲಿಲ್ಲ. ಅಣ್ಣನ ಸಿಟ್ಟು ತಮ್ಮನ ಹೆಂಡತಿ ಪುಟ್ಟಲಿಂಗಮ್ಮನ ಮೇಲೆ ತಿರುಗಿತು.

"ಇವ್ಳು ಮಾತ್ರೆ ಸರ್ಯಾಗ್ ಕೊಡ್ತಿಲ್ಲ. ತವರಿಗೆ ಕಳಿಸ್ಬುಡ್ತೀನಿ!"

ರಕ್ತ ಪರೀಕ್ಷೆ ಮಾಡಿಸಿದರೆ ಮದ್ದಿನ ಪ್ರಮಾಣ ಸರಿಯಾಗಿಯೇ ಇತ್ತು! ಪದ್ಮಾವತಿಯವರು ಪುಟ್ಟಲಿಂಗಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮದುವೆಯಾದ ವರ್ಷದಿಂದ ಯಾವ ಹಬ್ಬದಲ್ಲಿ ಯಜಮಾನರು ಹೇಗಿದ್ದರೆಂದು ಕೇಳುತ್ತ ಹೋದರು. ಕಾಯಿಲೆ ಬಂದದ್ದು ಎರಡು ಸಲವಲ್ಲ, ಹನ್ನೊಂದು ಸಲ. ಮನೆಯವರು ಆಸ್ಪತ್ರೆಗೆ ಸೇರಿಸಿದ್ದನ್ನಷ್ಟೇ ಎಣಿಸಿದ್ದರು. ಮರ್ಯಾದೆಗಂಜಿ ಕದ ಹಾಕಿಕೊಂಡು ಸುಧಾರಿಸಿದ್ದು ಅವರ ಎಣಿಕೆಗೇ ಬಂದಿರಲಿಲ್ಲ. ಹೀಗೆ ಮತ್ತೆ ಮತ್ತೆ ಮರುಕಳಿಸಿದವರಿಗೆ ಲಿಥಿಯಂ ಒಂದೇ ಮೊದಲಿನಂತೆ ಹಿಡಿಯದಿರುವುದುಂಟು.

ಅವರು ಅಣ್ಣನನ್ನು ಒಳಗೆ ಕರೆದು, ಕಿರಿಯ ವೈದ್ಯರೆಲ್ಲರ ಎದುರಿಗೇ ಹೇಳಿದರು: "ತಪ್ಪು ಈಯಮ್ಮಂದಲ್ಲ ಕಣ್ರೀ, ನಂದು. ಮೊದಲ್ನೇ ದಿನಾನೇ ಇವ್ರನ್ನ ಕೇಳ್ಬೇಕಿತ್ತು."

ಔಷಧಿ ಬದಲಾಯಿತು. ಎರಡು ತಿಂಗಳಲ್ಲಿ ಸಿದ್ದಪ್ಪಾಜಿ ಮತ್ತೆ ಕರಣೆ ಹಿಡಿದು ಗಾರೆ ಕೆಲಸಕ್ಕಿಳಿದರು. ಮುಂದೆಯೂ ಒಮ್ಮೆ ಕಾಯಿಲೆ ಮರುಕಳಿಸಿತು, ಆದರೆ ಬೇಗ ಹತೋಟಿಗೆ ಬಂತು. ಅಂದಿನಿಂದ ರೋಗಿಯ ಜೊತೆ ಬಾಳುವವರನ್ನು ಕೇಳದೆ ಚೀಟಿ ಬರೆದ ಶಿಷ್ಯರಿಗೆ ಅವರಿಂದ ಮಂಗಳಾರತಿ ತಪ್ಪಿದ್ದಲ್ಲ. ಈಗ ಹೆಸರಾಂತ ವೈದ್ಯರಾಗಿರುವ ಹರೀಶ್ ಅವರನ್ನು ರೋಗಿಯ ಮನೆಯವರನ್ನು ಕೇಳಿಕೊಂಡು ಬಾರೆಂದು ಒಂದೇ ದಿನ ಮೂರು ಬಾರಿ ವಾರ್ಡಿಗೆ ಅಟ್ಟಿದ್ದರು.

ಇನ್ನು ಮುಂದೆ ಅವರು ಹಿನಕಲ್‌ನ ಪುಟ್ಟ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ಕೂರಲಿದ್ದಾರೆ. ಅವರಿಗೆ ಆಯಸ್ಸು, ಆರೋಗ್ಯ, ಕೆಲಸದ ಹುರುಪು ತುಂಬಿ ಬರಲೆಂದು ನಾವೆಲ್ಲ ಹಾರೈಸುತ್ತೇವೆ. ಆದರೆ ಬೀಳ್ಕೊಡುಗೆಯ ದಿನ ಪುಟ್ಟಲಿಂಗಮ್ಮ ಅವರ ಕೈ ಹಿಡಿದು ಹರಸಿದ್ದರ ಮುಂದೆ ನಮ್ಮ ಮಾತು ಯಾವ ಲೆಕ್ಕ?

"ನೂರ್ಕಾಲ ಬಾಳಿ ಕಣವ್ವಾ. ಆ ಮನೇಲಿ ಏನ್ ನಡೀತು ಅಂತ ನನ್ನ ಕೇಳ್ದೋರು ನೀವೊಬ್ರೇ."