ಲೇತ್ ನಿಲ್ಲಿಸಿದ ಹುಲುಗಮ್ಮ

ಬೆಳಗಿನ ಐದೂವರೆ. ಬಳ್ಳಾರಿಯ ಮೋಕ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಆಗಲೇ ತಿರುಗುತ್ತಿದೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ ಹುಲುಗಮ್ಮ ಬೆರಳುದ್ದದ ಬೂದು ಸರಳಿನಿಂದ ಕಣ್ಣು ಕೀಳುವುದಿಲ್ಲ. ಸರಳು ಡಾರ್ಟ್‌ನ ಒಡಲಾಗುತ್ತಿದೆ. ಗೋಡೆಯ ದುಂಡು ಹಲಗೆಗೆ ಗುರಿಯಿಟ್ಟು ಎಸೆಯುತ್ತಾರಲ್ಲ, ಆ ಪುಟ್ಟ ಬಾಣ.

"ಇದು ಟಂಗ್‌ಸ್ಟನ್ರಿ," ಎನ್ನುತ್ತಾರೆ. "ಹೋದ ಜನವರಿದಾಗ ಇದೇ ಮಷೀನಿಗೆ ನಾನು ಕಟ್ಟಿದ್ದು ಯುರೇನಿಯಂ."

ನನಗೆ ಗೊತ್ತಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. "ಹೆದರಬ್ಯಾಡ್ರಿ. ವಿಕಿರಣ ಅಳಿಯೋ ಮೀಟರ್ ಹಿಡದು ಮೂಲಿ ಮೂಲಿ ನೋಡಿ ಹೋಗ್ಯಾರ," ಎಂದು ಅವರು ಮತ್ತೆ ಸರಳಿನತ್ತ ಬಾಗುತ್ತಾರೆ.

ಹುಲುಗಮ್ಮನಿಗೆ ನಲವತ್ತಾರು. ಹುಟ್ಟೂರು ಕುರುಗೋಡು. ಕೂಲಿ ಮಾಡುತ್ತಿದ್ದ ಅಪ್ಪ ಹಟ ಹಿಡಿದು ಐಟಿಐಗೆ ಸೇರಿಸಿದರು. ಲೇತ್ ಕೆಲಸ ಕಲಿಸುವ ಟರ್ನರ್ ವಿಭಾಗದ ಇಪ್ಪತ್ತೊಂದು ಮಂದಿಯಲ್ಲಿ ಹೆಣ್ಣುಮಗಳು ಇವರೊಬ್ಬರೇ. ಕೆಲಸಕ್ಕೆ ಸೇರಿದ ಮೊದಲ ಐದು ವರ್ಷ ಯಾರೂ ಲೇತ್ ಮುಟ್ಟಲು ಬಿಡಲಿಲ್ಲ, ಬರೀ ಕಸ ಗುಡಿಸುವ ಕೆಲಸ. ಈಗ ಸ್ವಂತ ಶೆಡ್ಡು. ದಿನಕ್ಕೆ ಹದಿನಾಲ್ಕು ಪಂಪಿನ ಬುಷ್, ಅಕ್ಕಿ ಗಿರಣಿಯ ಎರಡು ಶಾಫ್ಟು. ಡಾರ್ಟ್‌ಗೆ ಸಿಗುವುದು ಗಿರಾಕಿಗಳು ಬರುವ ಮೊದಲಿನ ಈ ಎರಡು ತಾಸು ಮಾತ್ರ.

ಡಾರ್ಟ್ ಬೇಕಾದದ್ದು ತಂಗಿಯ ಮಗಳು ನೇತ್ರಾಗೆ. ಸಿರುಗುಪ್ಪ ತಾಲ್ಲೂಕಿನ ಕರೂರಿನ ಹುಡುಗಿ. ಹದಿನೈದನೇ ವಯಸ್ಸಿನಲ್ಲಿ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಇಪ್ಪತ್ತೆರಡರ ನೇತ್ರಾ ಇಂದು ಗಾಲಿಕುರ್ಚಿಯಲ್ಲಿ ಕುಳಿತು ರಾಜ್ಯಮಟ್ಟದಲ್ಲಿ ಡಾರ್ಟ್ ಆಡುತ್ತಾಳೆ. ಹುಲುಗಮ್ಮ ಮೊದಲು ಮಾಡಿಕೊಟ್ಟದ್ದು ಹಿತ್ತಾಳೆಯ ಡಾರ್ಟ್. "ದಪ್ಪ ಆಗ್ತಾವ ದೊಡ್ಡವ್ವ. ಒಂದು ಚುಚ್ಚಿದ ಕಡಿಗೆ ಇನ್ನೊಂದು ಕೂಡಾಕ ಜಾಗಾನ ಇರಲ್ಲ," ಎಂದಳು. ಇಪ್ಪತ್ನಾಲ್ಕು ಗ್ರಾಂ ತೂಗಬೇಕು, ಆದರೂ ಪೆನ್ಸಿಲಿನಷ್ಟು ತೆಳ್ಳಗಿರಬೇಕು. ಅದಕ್ಕೆ ಹಿತ್ತಾಳೆಯ ಎರಡು ಪಟ್ಟು ಭಾರದ ಟಂಗ್‌ಸ್ಟನ್ ಲೋಹವೇ ಆಗಬೇಕು.

ಹುಡುಕಾಟ ಅಲ್ಲಿಂದ ಶುರು. ಗಣಿಯಲ್ಲಿ ಸವೆದ ಡ್ರಿಲ್ ಬಿಟ್ಟುಗಳ ತುದಿಯ, ಟಂಗ್‌ಸ್ಟನ್ ಬೆರೆತ ಗಟ್ಟಿ ಗುಂಡಿ ಕಿತ್ತು ತಂದರೆ ಕೊರೆಯುವ ಲೇತಿನ ಉಳಿಯೇ ಮುರಿಯಿತು. ಕುರುಗೋಡು, ಸಿರಿಗೇರಿ, ಸಿರುಗುಪ್ಪದ ಗುಜರಿ ಅಂಗಡಿಗಳನ್ನೆಲ್ಲ ಎಂಟು ತಿಂಗಳು ಸುತ್ತಿದರು. ಕೊನೆಗೆ ಸಿರುಗುಪ್ಪದ ಗುಜರಿ ವ್ಯಾಪಾರಿ ರಂಗಣ್ಣ ಒಂದು ಕಪ್ಪು ಗುಂಡು ಕೊಟ್ಟ. ತೆಂಗಿನಕಾಯಿಗಿಂತ ಚಿಕ್ಕದು, ಐದು ಕಿಲೋ ಭಾರ, ನಡುವೆ ಒಂದು ಸಣ್ಣ ತೂತು.

"ನೀರಾಗ ಮುಳುಗಿಸಿ ತೂಗಿದೆ. ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ ಬಂತು. ಟಂಗ್‌ಸ್ಟನ್ನೂ ಅಷ್ಟ ಬರತೈತಿ. ಭಾರಿ ಮಾಲು ಸಿಕ್ತು ಅನ್ಕಂಡೆ," ಎನ್ನುತ್ತಾರೆ ಹುಲುಗಮ್ಮ.

ಮರುದಿನ ಬೆಳಿಗ್ಗೆ ಗುಂಡನ್ನು ಲೇತಿಗೆ ಕಟ್ಟಿ ಉಳಿ ತಾಗಿಸಿದರು. ಉದುರಿದ ಸಿಪ್ಪೆ ಕೆಳಗಿನ ತಟ್ಟೆಯಲ್ಲಿ ತಾನೇ ಹೊತ್ತಿಕೊಂಡಿತು. ಎಣ್ಣೆಯಿಲ್ಲ, ಬಟ್ಟೆಯಿಲ್ಲ, ಬರೀ ಲೋಹ ಬೆಳ್ಳಗೆ ಉರಿಯುತ್ತಿತ್ತು. ಹುಲುಗಮ್ಮ ಲೇತ್ ನಿಲ್ಲಿಸಿ ಒಣ ಮರಳು ಸುರಿದರು. ಉರಿಯುವ ಲೋಹಕ್ಕೆ ನೀರು ಹಾಕಬಾರದು ಎಂಬ ಐಟಿಐ ಪಾಠ ನೆನಪಿತ್ತು.

ಗುಂಡಿನ ಮಸಿ ಒರೆಸಿದಾಗ ಮೂರು ರೆಕ್ಕೆಯ ಫ್ಯಾನಿನಂಥ ಕೆತ್ತಿದ ಗುರುತು ಕಂಡಿತು. "ನೇತ್ರಾನ್ನ ಎತ್ಗೊಂಡು ಹೋಗಿದ್ನೆಲ್ರಿ, ಆಸ್ಪತ್ರಿ ಎಕ್ಸ್‌ರೇ ಕೋಣಿಗೆ, ಅದರ ಬಾಗಲ ಮ್ಯಾಲ ಇದೇ ಗುರುತಿತ್ತು. ವಿಕಿರಣ ಮೈ ಸುಡತೈತಿ, ಹೊರಗ ನಿಲ್ಲು ಅಂದಿದ್ರು." ಆಗ ಕಣ್ಣು ಹೋದದ್ದು ಆ ತೂತಿನ ಮೇಲೆ, ಒಳಗೆ ಏನೋ ಇದ್ದಿರಬೇಕು ಅನಿಸಿತು. ರಂಗಣ್ಣನಿಗೆ ಫೋನ್ ಮಾಡಿದರು.

"ಲೇ ರಂಗಣ್ಣ, ಗುಂಡಿನ ತೂತಿನಾಗ ಏನರ ಇತ್ತೇನೋ?"

"ಇಲಿ ಬಾಲದಂಥ ಸಣ್ಣ ಸ್ಟೀಲಿನ ತಂತಿ ಇತ್ತಕ್ಕ. ಪಳಪಳ ಅಂತಿತ್ತು. ಬೀಗದ ಕೈಗೆ ಕಟ್ಗೊಂಡು ಜೇಬಿನಾಗ ಇಟ್ಟೀನಿ, ನಾಕು ದಿನ ಆತು. ಯಾಕ?"

"ತೊಡಿ ಹೆಂಗೈತಿ?"

"ನಿನಗ ಹೆಂಗ ಗೊತ್ತಕ್ಕ? ನಿನ್ನೆಯಿಂದ ಕೆಂಪಾಗಿ ಉರಿತೈತಿ."

"ಅದನ್ನ ತಗದು ಗುಜರಿ ರಾಶಿಗೆ ಎಸಿ. ಓಡು. ಯಾರನ್ನೂ ಒಳಗ ಬಿಡಬ್ಯಾಡ," ಎಂದು ಹುಲುಗಮ್ಮ ಕಿರುಚಿದರಂತೆ. ರಂಗಣ್ಣನ ಅಂಗಡಿಯ ಗೋಡೆಯ ನೆರಳಿನಲ್ಲಿ ಗದ್ದೆ ಕೂಲಿಯವರು ದಿನಾ ಬಸ್ಸಿಗೆ ಕಾಯುತ್ತಾರೆ.

ಇವರು ಕರೆ ಮಾಡಿದ ಮೊದಲ ಸಹಾಯವಾಣಿಯಲ್ಲಿ ಒಬ್ಬಾತ, "ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಮ್ಮ," ಎಂದ. "ಶೆಡ್ಡಿನ ಹತ್ರ ಐದು ಮಂದಿ ಇದ್ರು, ಎಲ್ಲಾರ್ನೂ ಓಡಿಸೀನಿ," ಎಂದರು ಇವರು. ಮೂರನೆಯ ಕರೆಗೆ ಪೊಲೀಸರು ಬಂದರು. ಅಲ್ಲಿಯವರೆಗೆ ಶೆಡ್ಡಿನ ಮುಂದೆ ಹಗ್ಗ ಕಟ್ಟಿ, ಒಬ್ಬರೇ ಕಾವಲು ನಿಂತರು.

ಸಂಜೆಗೆ ಹೊರ ಊರಿನಿಂದ ಬಂದ ಪರಿಣತರು ವಿವರಿಸಿದರು. ಅದು ಪೈಪುಗಳ ಬೆಸುಗೆಯ ಒಳಚಿತ್ರ ತೆಗೆಯುವ ಹಳೆಯ ಉಪಕರಣದ ಒಡಲು. ಯುರೇನಿಯಂ ಗುಂಡು ವಿಕಿರಣ ತಡೆಯುವ ಬರೀ ಕವಚ. ನಿಜವಾದ ಅಪಾಯ ಆ ಸ್ಟೀಲಿನ ಬಾಲದ ತುದಿಯಲ್ಲಿದ್ದ, ವಿಕಿರಣ ಸೂಸುವ ಪುಟ್ಟ ಗುಳಿಗೆಯಲ್ಲಿತ್ತು. ಸಿರುಗುಪ್ಪದ ರಾಶಿಯನ್ನು ಹನ್ನೊಂದು ತಾಸು ಕೆದಕಿ, ಬಾಲವನ್ನು ಉದ್ದನೆಯ ಇಕ್ಕಳದಿಂದ ಹಿಡಿದು ಸೀಸದ ಡಬ್ಬಿಗೆ ಹಾಕಿದರು. ಅದನ್ನು ಗುಜರಿಗೆ ಹಾಕಿದವರು ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಎರಡೂ ಊರುಗಳ ಅರವತ್ತೆರಡು ಮಂದಿಯ ತಪಾಸಣೆ ನಡೆಯಿತು. ಹುಲುಗಮ್ಮನ ರಕ್ತ, ಮೂತ್ರದಲ್ಲಿ ಏನೂ ಸಿಗಲಿಲ್ಲ.

ಆ ವಸ್ತು ಹಳೆಯದಾಗಿ ಶಕ್ತಿ ಉಡುಗಿದ್ದರಿಂದ ರಂಗಣ್ಣ ಬದುಕಿದ್ದಾನೆ. ತೊಡೆಗೆ ಎರಡು ಬಾರಿ ಚರ್ಮ ಕಸಿ ಮಾಡಿದ್ದಾರೆ. ನಾನು ಭೇಟಿಯಾದಾಗ ಕೋಲು ಊರಿ ಅಂಗಡಿಯ ಹೊರಗೆ ನಿಂತಿದ್ದ. "ಇನ್ನೊಂದು ವಾರ ಜೇಬಿನಾಗ ಇದ್ದಿದ್ರ ನಾನು ಇರ್ತಿದ್ದಿಲ್ಲ ಅಂದ್ರು ಡಾಕ್ಟ್ರು. ಹುಲುಗಕ್ಕ ಉಳಿಸ್ಯಾಳ," ಎಂದ. ಅಂಗಡಿ ಗೋಡೆಯ ಮೇಲೆ ಮೂರು ರೆಕ್ಕೆಯ ದೊಡ್ಡ ಹಳದಿ ಚಿತ್ರ, ಕೆಳಗೆ "ಇದು ಕಂಡರೆ ಮುಟ್ಟಬೇಡಿ" ಎಂಬ ಬರಹ. ಭಾನುವಾರ ಬಸ್ಸು ಹತ್ತಿ, ಬಣ್ಣದ ಡಬ್ಬಿ ಹಿಡಿದು ಹುಲುಗಮ್ಮನೇ ಬರೆದದ್ದು. ಇಂಥ ಹತ್ತೊಂಬತ್ತು ಗೋಡೆಗಳಾಗಿವೆ.

ಈಗ ಲೇತಿನಲ್ಲಿರುವ ಸರಳು ಗುಜರಿಯದ್ದಲ್ಲ. ಪರೀಕ್ಷೆಯ ಪತ್ರದೊಂದಿಗೆ ಬೆಂಗಳೂರಿನಿಂದ ತರಿಸಿದ್ದು. ಏಳೂವರೆಗೆ ಮೂರನೆಯ ಡಾರ್ಟ್‌ನ ಒಡಲು ಮುಗಿಯುತ್ತದೆ. ಅಂಗೈಯಲ್ಲಿ ಹಿಡಿದು ನನಗೂ ಕೊಡುತ್ತಾರೆ. ಅಷ್ಟು ಸಣ್ಣದಕ್ಕೆ ಅಷ್ಟು ತೂಕ, ಕೈ ನಂಬುವುದಿಲ್ಲ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಲೇತಿನ ತಟ್ಟೆಯ ಸಿಪ್ಪೆ ಗುಡಿಸುತ್ತಾರೆ.

"ನೇತ್ರಾ ಆಡೋದು ನಾನು ಇನ್ನೂ ನೋಡಿಲ್ರಿ. ಆಟ ಇರೋದು ಕೆಲಸದ ದಿನದಾಗ, ಶೆಡ್ಡು ಬಿಟ್ಟು ಹೋಗಾಕ ಆಗಿಲ್ಲ. ಮುಂದಿನ ತಿಂಗಳು ಧಾರವಾಡದಾಗ ಐತಂತ. ಒಂದಿನ ಬಾಗಲ ಹಾಕಿ, ಹಿಂದಿನ ಸಾಲಿನಾಗ ಕುಂತು ನೋಡಿ ಬರಬೇಕು."