ಹೊದಿಕೆಯ ಕೆಳಗಿನ ಕೈ

ಮುಟ್ಟಿ ನೋಡದೆ ಯಾವುದನ್ನೂ ನಂಬಿದವನಲ್ಲ ನಾನು. ಕುರಿ ವ್ಯಾಪಾರದಿಂದಲೇ ಮೇಲೆ ಬಂದವನು. ಬೆನ್ನುಮೂಳೆ ಅದುಮಿ ನೋಡದೆ ಒಂದು ಮರಿಗೂ ಬೆಲೆ ಕಟ್ಟಿಲ್ಲ. ದೆವ್ವ, ಶಕುನ ಅಂದವರನ್ನು ನಕ್ಕು ಕಳಿಸಿದ್ದೇನೆ. ಆದರೆ ಕೆಲವು ವರ್ಷಗಳ ಹಿಂದೆ ಮುಟ್ಟಿಯೇ ನೋಡಿದ್ದನ್ನು ಏನೆಂದು ಕರೆಯಲಿ?

ಮರಳವಾಡಿ ಕಡೆ ನಮ್ಮೂರು. ಅಣ್ಣ ಕುರಿ ಮೇಯಿಸುತ್ತಾನೆ, ನಾನು ಮಾರುತ್ತೇನೆ. ಸಂತೆಯ ಕಡೆ ಅವನು ತಲೆ ಹಾಕಿದವನೇ ಅಲ್ಲ. ಆ ವರ್ಷ ಅವನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಅರಿಶಿನ, ಸುಣ್ಣ ಮೆತ್ತಿಕೊಂಡು ಓಡಾಡಿದ. ನೀವು ಹಾಗೆ ಮಾಡಬೇಡಿ. ಕಾಲು ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಣ್ಣನಿಗೆ ನಂಜು ರಕ್ತಕ್ಕೇರಿತು. ಕನಕಪುರ ರಸ್ತೆಯ ದೊಡ್ಡ ಆಸ್ಪತ್ರೆಗೆ ಸೇರಿಸುವಾಗ ಬಿಪಿ ನೆಲ ಕಚ್ಚಿತ್ತು.

ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಕರೆದರು. ನಂಜಿನಿಂದ ಹೃದಯ ಸೋತಿದೆ, ಕೊಡಬೇಕಾದ ಔಷಧಿ ಕೊಟ್ಟರೂ ಅದು ಸಾಕಷ್ಟು ರಕ್ತ ತಳ್ಳುತ್ತಿಲ್ಲ. ಗ್ಲೂಕೋಸ್ ಜೊತೆ ಹೆಚ್ಚು ಇನ್ಸುಲಿನ್ ಕೊಟ್ಟು ನೋಡಬಹುದು, ಹೃದಯಕ್ಕೆ ಬಲ ಬಂದರೂ ಬರಬಹುದು ಎಂದರು. ಎಲ್ಲರಿಗೂ ಕೊಡುವುದಲ್ಲ, ಖಾತ್ರಿಯಿಲ್ಲ, ಸಕ್ಕರೆ ಕುಸಿದರೆ ಅಪಾಯ ಎಂದೂ ಮುಚ್ಚಿಡದೆ ಹೇಳಿದರು.

“ಸಕ್ಕರೆ ಕಾಯಿಲೆನೇ ಇಲ್ವಲ್ಲ ಸಾ ಅವ್ರಿಗೆ! ಇರೋ ಒಸಿ ಸಕ್ಕರೇನೂ ಕಿತ್ಕೊಂಡ್ರೆ ಇನ್ನೇನ್ ಉಳೀತದೆ?” ಎಂದು ಅತ್ತಿಗೆ ಅತ್ತರು. ಆಮೇಲೆ ನನ್ನ ಕಡೆ ತಿರುಗಿ, “ನೀನೇ ಏಳಪ್ಪ. ನೀನ್ ಊಂ ಅಂದ್ರೆ ನಂದೂ ಊಂ,” ಅಂದುಬಿಟ್ಟರು.

ಅಣ್ಣನನ್ನು ಒಮ್ಮೆ ನೋಡಿ ಬರುತ್ತೇನೆಂದು ಐಸಿಯು ಒಳಗೆ ಹೋದೆ.

ಹಸಿರು ಪರದೆ ತಾನೇ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ಯಂತ್ರಗಳ ಸದ್ದು ದೂರದ ಗುಡ್ಡದಲ್ಲಿ ಮೇಯುವ ಕುರಿಗಳ ಗಂಟೆಯಂತೆ ಕೇಳಿತು. ಔಷಧಿಯ ನಾತದ ನಡುವೆ ಎಲ್ಲಿಂದಲೋ ಮಳೆಗೆ ನೆನೆದ ಉಣ್ಣೆಯ ವಾಸನೆ. ಕಾಲ ಕೆಳಗಿನ ನೆಲ ಹುಲ್ಲಿನಂತೆ ಮೆತ್ತಗಾಯಿತು. ಹೊದಿಕೆಯ ಕೆಳಗೆ ಕೈ ಹಾಕಿ ಅಣ್ಣನ ತಣ್ಣನೆಯ ಕೈ ಹಿಡಿದೆ.

ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕುದುರಿಸುತ್ತೇವೆ. ಒಪ್ಪಿಗೆಯಾದರೆ ಎದುರಿನವನ ಬೆರಳುಗಳನ್ನು ಮಡಿಸಿ, ಮುಷ್ಟಿ ಕಟ್ಟಿ ಅದುಮುತ್ತೇವೆ. ಅಣ್ಣನ ಕೈ ನನ್ನ ಬೆರಳುಗಳನ್ನು ಒಂದೊಂದಾಗಿ, ಅವಸರವಿಲ್ಲದೆ ಮಡಿಸಿತು. ಮುಷ್ಟಿ ಕಟ್ಟಿ ಅದುಮಿತು.

ಹೊರಗೆ ಬಂದು ಹೂಂ ಅಂದೆ.

ಇನ್ಸುಲಿನ್ ಹರಿಯಿತು, ಗಳಿಗೆಗೊಮ್ಮೆ ರಕ್ತ ಪರೀಕ್ಷೆ ನಡೆಯಿತು. ಬಿಪಿ ಮೆಲ್ಲಗೆ ಮೇಲೆದ್ದಿತು. ಇದರಿಂದಲೋ ಉಳಿದ ಔಷಧಿಗಳಿಂದಲೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಆದ್ದರಿಂದ ಇದನ್ನು ಓದಿಕೊಂಡು ಇನ್ಸುಲಿನ್ ಕೊಡಿ ಎಂದು ಯಾರಿಗೂ ದುಂಬಾಲು ಬೀಳಬೇಡಿ. ಕೈ ಅದುಮಿದ ಸಂಗತಿ ಹೇಳಿದಾಗ ನರ್ಸಮ್ಮ, “ಪೂರ್ತಿ ಮಂಪರಿನ ಔಷಧಿ ಕೊಟ್ಟಿದ್ವಿ. ಬೆರಳೂ ಅಲ್ಲಾಡೋ ಹಾಗಿರ್ಲಿಲ್ಲ,” ಅಂದರು.

ಅಣ್ಣ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಜಗಲಿಯಲ್ಲಿ ಎದುರು ಕೂತು, ಇಬ್ಬರ ಕೈಮೇಲೂ ಟವೆಲ್ ಹಾಕಿದೆ. ಅವತ್ತಿನ ಹಾಗೇ ಒಪ್ಪಿಗೆ ಕೊಡು ಎಂದೆ. ಅವನು ನನ್ನ ಬೆರಳುಗಳನ್ನು ತಡಕಾಡಿ, ಏನೂ ತೋಚದೆ ಕಿಸಕ್ಕನೆ ನಕ್ಕ.

“ಏನ್ಲಾ ಇದು, ಮದ್ವೆ ಗಂಡಿನ್ ತರ ಕೈ ಇಡ್ಕೊಂಡು ಕುಂತಿದ್ದೀಯ! ನಿಮ್ ಯಾಪಾರದ್ ಬಾಸೆ ನಂಗೇನ್ ಗೊತ್ಲಾ?”

ಅವನ ಕೈ ಬೆಚ್ಚಗಿತ್ತು. ಅಂದು ನನ್ನೊಡನೆ ವ್ಯಾಪಾರ ಮುಗಿಸಿದ ಕೈ ಯಾರದೋ, ನನಗೆ ಇಂದಿಗೂ ತಿಳಿದಿಲ್ಲ.